ದಶಮಾಂಶ ಭಾಗಾಕಾರವನ್ನು ಸ್ಥಾನಬೆಲೆಯ ಮೂಲಕ ಕಲಿಸುವುದು: ಶಿಕ್ಷಕರಿಗೂ ಪೋಷಕರಿಗೂ ಒಂದು ಸಮಗ್ರ ಮಾರ್ಗದರ್ಶಿ

ದಶಮಾಂಶ ಸಂಖ್ಯೆಗಳ ಭಾಗಾಕಾರ ಏಳನೆಯ ತರಗತಿಯಲ್ಲಿ ಬರುವ ಹೊತ್ತಿಗೆ ಮಕ್ಕಳಿಗೆ ಪೂರ್ಣಸಂಖ್ಯೆಗಳ ಭಾಗಾಕಾರ ಸಾಕಷ್ಟು ಕೈಗೆ ಹತ್ತಿರುತ್ತದೆ. ಹೀಗಾಗಿ ಶಾಲೆಯಲ್ಲೂ ಮನೆಯಲ್ಲೂ ಹಿಡಿಯುವ ದಾರಿ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ಬಿಂದುವನ್ನು ಲೆಕ್ಕಕ್ಕೆ ಹಿಡಿಯದೆ ಭಾಗಿಸು, ಕೊನೆಗೆ ಅಂಕಿಗಳನ್ನು ಎಣಿಸಿ ಬಿಂದು ಇಡು, ಭಾಜಕದಲ್ಲಿಯೂ ಬಿಂದುವಿದ್ದರೆ ಎರಡೂ ಕಡೆ ಅಷ್ಟಷ್ಟೇ ಮನೆ (ಅಂಕಿಯ ಸ್ಥಾನ) ಬಲಕ್ಕೆ ಸರಿಸು. ಈ ನಿಯಮದಲ್ಲಿ ತಪ್ಪಿಲ್ಲ. ಆದರೆ ನಿಯಮವನ್ನಷ್ಟೇ ಕಲಿತ ಮಗು 6.12ನ್ನು 3ರಿಂದ ಭಾಗಿಸಿ 2.4 ಎಂದು ಬರೆದಾಗ ಅದಕ್ಕೆ ತನ್ನ ಉತ್ತರದ ಮೇಲೆ ಸಂಶಯವೇ ಹುಟ್ಟುವುದಿಲ್ಲ. 2 ಎಂಬುದು ಏನನ್ನು ಎಣಿಸಿದೆ, 4 ಎಂಬುದು ಏನನ್ನು ಎಣಿಸಿದೆ ಎಂದು ಕೇಳಿಕೊಳ್ಳುವ ಅಭ್ಯಾಸವೇ ಅದಕ್ಕೆ ಆಗಿರುವುದಿಲ್ಲ.

ಈ ಮಾರ್ಗದರ್ಶಿ ಇನ್ನೊಂದು ದಾರಿಯನ್ನು ವಿವರಿಸುತ್ತದೆ. ಪ್ರತಿಯೊಂದು ದಶಮಾಂಶ ಸಂಖ್ಯೆಯನ್ನೂ ಯಾವುದೋ ಒಂದು ಮಾನದ, ಅಂದರೆ ಬಿಡಿ, ದಶಾಂಶ (ಒಂದರ ಹತ್ತನೆಯ ಒಂದು ಭಾಗ), ಶತಾಂಶ (ನೂರನೆಯ ಒಂದು ಭಾಗ) ಇಂತಹ ಎಣಿಕೆಯ ಅಳತೆಯ, ಇಷ್ಟು ಎಂದು ಓದುವುದನ್ನು ಮಕ್ಕಳಿಗೆ ಮೊದಲು ಕಲಿಸಿದರೆ, ದಶಮಾಂಶ ಭಾಗಾಕಾರಕ್ಕೆಂದು ಪ್ರತ್ಯೇಕ ನಿಯಮ ಬೇಕಾಗುವುದಿಲ್ಲ. ಅವರಿಗೆ ಈಗಾಗಲೇ ಬರುವ ಭಾಗಾಕಾರವೇ ಸಾಕು. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮನೆಗಳಲ್ಲಿ ದಿನವೂ ಕಿವಿಗೆ ಬೀಳುವ ಅಳತೆಗಳಿಂದಲೇ ಉದಾಹರಣೆಗಳನ್ನು ಆರಿಸಿಕೊಳ್ಳಲಾಗಿದೆ. ಬೇರೆ ಕಡೆಯವರು ತಮ್ಮ ಊರಿನ ಅಳತೆಗಳನ್ನು ಹಾಕಿಕೊಳ್ಳಬಹುದು.

ಆರಂಭಿಸುವ ಮುನ್ನ

ಭಾಗಾಕಾರಕ್ಕೆ ಕೈ ಹಾಕುವ ಮೊದಲು ಮೂರು ಪ್ರಶ್ನೆಗಳನ್ನು ಬಾಯಿಮಾತಿನಲ್ಲಿ ಕೇಳಿ ನೋಡಿ. 0.3 ಮತ್ತು 0.125 ಇವುಗಳಲ್ಲಿ ಯಾವುದು ದೊಡ್ಡದು? 2.4ರಲ್ಲಿ ಒಟ್ಟು ಎಷ್ಟು ದಶಾಂಶಗಳಿವೆ? 0.5 ಮತ್ತು 0.50 ಇವುಗಳಿಗೆ ಏನಾದರೂ ವ್ಯತ್ಯಾಸವಿದೆಯೇ? ಮೊದಲನೆಯದಕ್ಕೆ 0.125 ಎಂದು ಉತ್ತರ ಬಂದರೆ, ಮಗು ಬಿಂದುವಿನ ಬಲಭಾಗವನ್ನು ನೂರಿಪ್ಪತ್ತೈದು ಎಂಬ ಪೂರ್ಣಸಂಖ್ಯೆಯಾಗಿ ಓದುತ್ತಿದೆ ಎಂದು ಅರ್ಥ. ಎರಡನೆಯದಕ್ಕೆ ಬಹಳಷ್ಟು ಮಕ್ಕಳು ನಾಲ್ಕು ಎನ್ನುತ್ತಾರೆ. ದಶಾಂಶದ ಮನೆಯಲ್ಲಿ ಕಾಣುವ ಅಂಕಿ ನಾಲ್ಕು ಎಂಬುದು ನಿಜ, ಆದರೆ ಎರಡು ಬಿಡಿಗಳ ಒಳಗೆ ಇಪ್ಪತ್ತು ದಶಾಂಶಗಳು ಅಡಗಿವೆ, ಒಟ್ಟು ಇಪ್ಪತ್ತನಾಲ್ಕು. ಮುಂದಿನ ಹೆಜ್ಜೆಗಳೆಲ್ಲ ಈ ಎರಡನೆಯ ಪ್ರಶ್ನೆಯ ಮೇಲೆಯೇ ನಿಂತಿರುವುದರಿಂದ, ಅದಕ್ಕೆ ಸರಿಯುತ್ತರ ಸರಾಗವಾಗಿ ಬರುವವರೆಗೆ ಭಾಗಾಕಾರವನ್ನು ಮುಂದಕ್ಕೆ ಹಾಕುವುದು ಒಳ್ಳೆಯದು. ಪಾಠ ಹಿಂದೆ ಬೀಳುತ್ತದೆಂಬ ಆತಂಕದಲ್ಲಿ ಇಲ್ಲಿ ಅವಸರ ಮಾಡಿದವರು ಮುಂದೆ ಅದಕ್ಕಿಂತ ಹೆಚ್ಚು ಸಮಯವನ್ನು ತಿದ್ದುವುದರಲ್ಲಿ ಕಳೆಯಬೇಕಾಗುತ್ತದೆ.

ಸಾಮಗ್ರಿಗೆ ಹೆಚ್ಚೇನೂ ಬೇಕಿಲ್ಲ. ಅಂಗಡಿಯಲ್ಲಿ ಸಿಗುವ ಗ್ರಾಫ್ ಹಾಳೆಯಿಂದ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಚೌಕಗಳನ್ನು ಕತ್ತರಿಸಿಕೊಳ್ಳಿ. ಅಂತಹ ಒಂದು ಚೌಕವೇ ಒಂದು ಬಿಡಿ. ಅದರಿಂದ ಒಂದು ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿದ ಉದ್ದನೆಯ ಪಟ್ಟಿ ಒಂದು ದಶಾಂಶ. ಪಟ್ಟಿಯನ್ನು ಮತ್ತೆ ಹತ್ತಾಗಿ ಕತ್ತರಿಸಿದಾಗ ಸಿಗುವ ಒಂದು ಸೆಂಟಿಮೀಟರಿನ ಪುಟ್ಟ ಚೌಕ ಒಂದು ಶತಾಂಶ. ಆ ಪುಟ್ಟ ಚೌಕದೊಳಗಿನ ಮಿಲಿಮೀಟರ್ ಗೆರೆಗಳು ಅದನ್ನು ಹತ್ತು ಸಣ್ಣ ಪಟ್ಟಿಗಳಾಗಿ ಭಾಗ ಮಾಡಿರುವುದರಿಂದ ಸಹಸ್ರಾಂಶವೂ ಕಣ್ಣಿಗೆ ಕಾಣುತ್ತದೆ. ಅದನ್ನು ಕತ್ತರಿಸಲು ಹೋಗಬೇಡಿ, ಬೆರಳಿಟ್ಟು ತೋರಿಸಿದರೆ ಸಾಕು. ಸರ್ಕಾರಿ ಶಾಲೆಗಳಲ್ಲಿ ಗಣಿತ ಕಲಿಕಾ ಆಂದೋಲನದ ಕಿಟ್ ಇದ್ದರೆ ಅದರಲ್ಲಿರುವ ಸ್ಥಾನಬೆಲೆಯ ಸಾಮಗ್ರಿಯನ್ನೂ ಬಳಸಿಕೊಳ್ಳಬಹುದು. ಆದರೂ ಮಕ್ಕಳು ತಮ್ಮ ಕೈಯಾರೆ ಕತ್ತರಿಸಿದ ಕಾಗದಕ್ಕೆ ಬೇರೆಯೇ ಶಕ್ತಿ ಇದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಂದು ಹತ್ತಾಗುವ ಕೆಲಸವನ್ನು ಕತ್ತರಿ ಹಿಡಿದ ಮಗುವೇ ಮಾಡಿರುತ್ತದೆ.

ದಶಮಾಂಶವನ್ನು ಪೈಸೆಯಿಂದ ಕಲಿಸುವ ಹಳೆಯ ಪದ್ಧತಿ ಈಗ ಅಷ್ಟಾಗಿ ನಡೆಯುವುದಿಲ್ಲ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆಯ ಲೆಕ್ಕ ಜಾರಿಗೆ ಬಂದ ಮೇಲೆ ಹಲವು ತಲೆಮಾರುಗಳಿಗೆ ಪೈಸೆಯೇ ಶತಾಂಶದ ಪಾಠವಾಗಿತ್ತು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆ ಕಳೆದುಕೊಂಡವು. ಇಂದಿನ ಏಳನೆಯ ತರಗತಿಯ ಮಗು ಹತ್ತು ಪೈಸೆಯನ್ನು ಕೊಟ್ಟು ಪಡೆದದ್ದೇ ಇಲ್ಲ. ಅದರ ಬದಲು ನಮ್ಮ ಕಾಫಿ ಸೀಮೆಯಲ್ಲಿ ಇನ್ನೂ ಜೀವಂತವಾಗಿರುವ ಒಂದು ಅಳತೆಯನ್ನು ಹಿಡಿದುಕೊಳ್ಳಬಹುದು. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟ್ಸ್‌ಗಳಲ್ಲಿ ಹೇಳುತ್ತಾರೆ. ಒಂದು ಇಂಚಿಗೆ ನೂರು ಸೆಂಟ್ಸ್. ನಿನ್ನೆ ಎಂಬತ್ತು ಸೆಂಟ್ಸ್ ಮಳೆಯಾಯಿತು ಎಂದರೆ 0.80 ಇಂಚು. ಐದು ಸೆಂಟ್ಸ್ ಬಂದರೆ ಅದು 0.05, ಐವತ್ತು ಸೆಂಟ್ಸ್ ಬಂದರೆ 0.50, ಇವೆರಡರ ಅಂತರ ಕಾಫಿ ಹೂವಿಗೆ ಮಳೆ ಸಾಕಾಯಿತೋ ಇಲ್ಲವೋ ಎಂದು ಕಾಯುವ ಮನೆಯ ಮಗುವಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಂದು ಎಚ್ಚರಿಕೆ ಅಗತ್ಯ: ಸೆಂಟ್ಸ್ ಎಂಬ ಮಾತು ದಶಾಂಶದ ಮನೆಯನ್ನು ಮರೆಮಾಡುತ್ತದೆ. ಹತ್ತು ಸೆಂಟ್ಸ್ ಸೇರಿದರೆ ಇಂಚಿನ ಒಂದು ದಶಾಂಶ ಎಂಬುದನ್ನು ಪಟ್ಟಿ ಇಟ್ಟು ತೋರಿಸಿಯೇ ಮುಂದಕ್ಕೆ ಹೋಗಬೇಕು.

ಮೊದಲ ಹೆಜ್ಜೆ: ಒಂದೇ ಸಂಖ್ಯೆಯನ್ನು ಬೇರೆ ಬೇರೆ ಮಾನಗಳಲ್ಲಿ ಓದಿಸುವುದು

3.6 ಎಂದು ಬರೆದು ಅದನ್ನು ಎಷ್ಟು ಬಗೆಯಲ್ಲಿ ಹೇಳಬಹುದು ಎಂದು ಕೇಳಿ. ಮೂರು ಬಿಡಿ ಮತ್ತು ಆರು ದಶಾಂಶ, ಎರಡು ಬಿಡಿ ಮತ್ತು ಹದಿನಾರು ದಶಾಂಶ, ಮೂವತ್ತಾರು ದಶಾಂಶ, ಮುನ್ನೂರ ಅರವತ್ತು ಶತಾಂಶ. ಇವೆಲ್ಲವೂ ಅಷ್ಟೇ ಕಾಗದ, ಬೇರೆ ಬೇರೆ ಚಿಲ್ಲರೆ. ನೂರರ ನೋಟು ಕೊಟ್ಟು ಹತ್ತು ಹತ್ತರ ನೋಟು ಪಡೆದಾಗ ಕೈಯಲ್ಲಿನ ಹಣ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಹಾಗೆಯೇ ಒಂದು ಬಿಡಿಯನ್ನು ಚಿಲ್ಲರೆ ಮಾಡಿದರೆ ಹತ್ತು ದಶಾಂಶ, ಒಂದು ದಶಾಂಶವನ್ನು ಚಿಲ್ಲರೆ ಮಾಡಿದರೆ ಹತ್ತು ಶತಾಂಶ. ಈ ಚಿಲ್ಲರೆ ಎಂಬ ಮಾತನ್ನು ತರಗತಿಯಲ್ಲಿ ಖಾಯಂ ಮಾಡಿಕೊಳ್ಳಿ. ಭಾಗಾಕಾರದಲ್ಲಿ ಮುಂದಿನ ಅಂಕಿಯನ್ನು ಕೆಳಗಿಳಿಸು ಎನ್ನುವುದಕ್ಕಿಂತ, ಉಳಿದದ್ದನ್ನು ಚಿಲ್ಲರೆ ಮಾಡಿ ಮುಂದಿನ ಮನೆಯಲ್ಲಿ ಇರುವುದರೊಂದಿಗೆ ಸೇರಿಸು ಎನ್ನುವುದು ಕೆಲಸದ ಒಳಗುಟ್ಟನ್ನೇ ಹೇಳುತ್ತದೆ.

ಓದುವ ಕ್ರಮದಲ್ಲಿಯೂ ಶಿಸ್ತು ಬೇಕು. 3.47ನ್ನು ಮೂರು ಬಿಂದು ನಾಲ್ಕು ಏಳು ಎಂದು ಓದಿಸಬೇಕೇ ಹೊರತು ಮೂರು ಬಿಂದು ನಲವತ್ತೇಳು ಎಂದಲ್ಲ. ದಿನಕ್ಕೆ ಐದು ನಿಮಿಷ, ಪಾಠದ ಮೊದಲಲ್ಲಿ, ಬಾಯಿಲೆಕ್ಕವಾಗಿ ಇದನ್ನು ನಡೆಸಿದರೆ ಸಾಕು.

ಎರಡನೆಯ ಹೆಜ್ಜೆ: ಪೂರ್ಣಸಂಖ್ಯೆಯಿಂದ ಭಾಗಿಸುವುದು

ಇಲ್ಲಿ ಭಾಗಾಕಾರದ ಅರ್ಥ ಸಮಪಾಲು. 7.2 ಲೀಟರ್ ಹಾಲನ್ನು ಮೂರು ಕ್ಯಾನುಗಳಿಗೆ ಸಮನಾಗಿ ಹಾಕಬೇಕು ಎಂದುಕೊಳ್ಳಿ. ಮೇಜಿನ ಮೇಲೆ ಏಳು ದೊಡ್ಡ ಚೌಕ, ಎರಡು ಪಟ್ಟಿ ಇಡಿಸಿ, ಮೂರು ಮಕ್ಕಳನ್ನು ಕ್ಯಾನುಗಳಾಗಿ ಕೂರಿಸಿ. ಮೊದಲು ಚೌಕಗಳನ್ನು ಹಂಚಲಿ: ತಲಾ ಎರಡು, ಒಂದು ಉಳಿಯಿತು. ಇಲ್ಲಿ ಸ್ವಲ್ಪ ನಿಲ್ಲಿ. ಉಳಿದ ಆ ಒಂದನ್ನು ಏನು ಮಾಡೋಣ ಎಂಬ ಪ್ರಶ್ನೆಗೆ ಉತ್ತರ ಮಕ್ಕಳಿಂದಲೇ ಬರಬೇಕು. ಪೂರ್ಣಸಂಖ್ಯೆಗಳ ಭಾಗಾಕಾರದಲ್ಲಿ ಅದನ್ನು ಶೇಷ ಎಂದು ಬರೆದು ಎದ್ದುಹೋಗುತ್ತಿದ್ದರು. ಈಗ ಕತ್ತರಿ ಇದೆ. ಚೌಕವನ್ನು ಹತ್ತು ಪಟ್ಟಿಗಳಾಗಿ ಕತ್ತರಿಸಿ, ಮೊದಲೇ ಇದ್ದ ಎರಡಕ್ಕೆ ಸೇರಿಸಿದರೆ ಹನ್ನೆರಡು ಪಟ್ಟಿ, ತಲಾ ನಾಲ್ಕು. ಪ್ರತಿ ಕ್ಯಾನಿಗೆ ಎರಡು ಬಿಡಿ, ನಾಲ್ಕು ದಶಾಂಶ: 2.4 ಲೀಟರ್.

ಇದೇ ಲೆಕ್ಕವನ್ನು ಒಬ್ಬರು ಕಾಗದದಲ್ಲಿ ಮಾಡುತ್ತಿರುವಾಗ ಇನ್ನೊಬ್ಬರು ಕಪ್ಪುಹಲಗೆಯ ಮೇಲೆ ಬರೆಯುತ್ತಾ ಹೋಗಲಿ. ಒಂದೊಂದು ಕೈಕೆಲಸಕ್ಕೂ ಒಂದೊಂದು ಸಾಲು. ಉತ್ತರದಲ್ಲಿ 2ನ್ನು ಬರೆದ ಕೂಡಲೇ, ಅಂದರೆ ಬಿಡಿಗಳ ಹಂಚಿಕೆ ಮುಗಿದು ದಶಾಂಶಗಳ ಹಂಚಿಕೆಗೆ ಕಾಲಿಡುವ ಮೊದಲು, ಬಿಂದುವನ್ನು ಇಡಿಸಬೇಕು. ಬಿಂದು ಕೊನೆಯಲ್ಲಿ ಎಣಿಸಿ ಇಡುವ ಗುರುತಲ್ಲ. ಬಿಡಿಗಳು ಇಲ್ಲಿಗೆ ಮುಗಿದವು ಎಂದು ಹೇಳುವ ಗಡಿಕಲ್ಲು. ಉತ್ತರದ ಬಿಂದು ಭಾಜ್ಯದ ಬಿಂದುವಿಗೆ ನೇರವಾಗಿ ಮೇಲೆ ಏಕೆ ಬರುತ್ತದೆ ಎಂಬುದಕ್ಕೂ ಇದೇ ಕಾರಣ: ಬಿಡಿಗಳನ್ನು ಹಂಚಿದರೆ ಬಿಡಿಗಳೇ ಬರುತ್ತವೆ, ದಶಾಂಶಗಳನ್ನು ಹಂಚಿದರೆ ದಶಾಂಶಗಳೇ ಬರುತ್ತವೆ.

ಕೈಬರಹಕ್ಕೆ ಚೌಕಳಿ ಪುಸ್ತಕ ಬಳಸಿದರೆ ಮನೆಗಳು ಸಾಲಾಗಿ ನಿಲ್ಲುತ್ತವೆ. ಗೆರೆಯಿಲ್ಲದ ಹಾಳೆಯಲ್ಲಿ ಅಂಕಿಗಳು ಓರೆಯಾಗಿ ಜಾರಿ, ಅರ್ಥವಾದ ಲೆಕ್ಕವೂ ತಪ್ಪಾಗುವುದುಂಟು.

ಪ್ರತಿ ಲೆಕ್ಕಕ್ಕೂ ಮೊದಲು ಅಂದಾಜು ಹೇಳಿಸಿ. 23.8ನ್ನು 7ರಿಂದ ಭಾಗಿಸುವಾಗ ಮೂರು ಏಳಲ ಇಪ್ಪತ್ತೊಂದು, ನಾಲ್ಕು ಏಳಲ ಇಪ್ಪತ್ತೆಂಟು. ಆದ್ದರಿಂದ ಉತ್ತರ ಮೂರಕ್ಕೂ ನಾಲ್ಕಕ್ಕೂ ನಡುವೆ ಇರಬೇಕು. ಆಮೇಲೆ 3.4 ಬಂದರೆ ನಂಬಬಹುದು, 34 ಅಥವಾ 0.34 ಬಂದರೆ ಮಗುವೇ ತಿದ್ದಿಕೊಳ್ಳುತ್ತದೆ. ಮಗ್ಗಿ ಬಾಯಿಗೆ ಬಾರದ ಮಕ್ಕಳಿಗೆ ಈ ಹಂತದಲ್ಲಿ ಮಗ್ಗಿಯ ಪಟ್ಟಿಯನ್ನು ಎದುರಿಗೆ ಇಟ್ಟುಕೊಳ್ಳಲು ಬಿಡಿ. ಸ್ಥಾನಬೆಲೆಯ ಪಾಠವನ್ನು ಮಗ್ಗಿಯ ಪರೀಕ್ಷೆಯಾಗಿ ಮಾಡುವುದರಿಂದ ಎರಡೂ ಕೆಡುತ್ತವೆ.

ಮೂರನೆಯ ಹೆಜ್ಜೆ: ಉತ್ತರದ ನಡುವೆ ಬರುವ ಸೊನ್ನೆ

ಅತಿ ಹೆಚ್ಚು ತಪ್ಪುಗಳು ನಡೆಯುವುದು ಇಲ್ಲಿ. 6.12ನ್ನು ಮೂರು ಜನಕ್ಕೆ ಹಂಚಿಸಿ. ಆರು ಚೌಕಗಳು ತಲಾ ಎರಡರಂತೆ ಹೋದವು. ಈಗ ಒಂದು ಪಟ್ಟಿ ಇದೆ, ಮೂವರು ಇದ್ದಾರೆ. ಪಟ್ಟಿಯನ್ನು ಇಡಿಯಾಗಿ ಯಾರಿಗೂ ಕೊಡಲಾಗದು. ಆದ್ದರಿಂದ ದಶಾಂಶದ ಮನೆಯಲ್ಲಿ ಪ್ರತಿಯೊಬ್ಬರಿಗೂ ಸಿಕ್ಕಿದ್ದು ಸೊನ್ನೆ, ಮತ್ತು ಆ ಸೊನ್ನೆಯನ್ನು ಆಗಲೇ ಬರೆಯಬೇಕು. ಪಟ್ಟಿಯನ್ನು ಚಿಲ್ಲರೆ ಮಾಡಿದರೆ ಹತ್ತು ಶತಾಂಶ, ಇದ್ದ ಎರಡು ಸೇರಿ ಹನ್ನೆರಡು, ತಲಾ ನಾಲ್ಕು. ಉತ್ತರ 2.04. ಸೊನ್ನೆಯನ್ನು ಬಿಟ್ಟವರಿಗೆ ತಪ್ಪು ಎಂದು ಹೇಳುವ ಬದಲು, ಅವರ 2.4ನ್ನು ಕಾಗದದಲ್ಲಿ ಕಟ್ಟಿಸಿ ಮೂರು ಪಾಲನ್ನೂ ಸೇರಿಸಲು ಹೇಳಿ. 7.2 ಬಂದಾಗ, ಇಲ್ಲದ ಕಾಗದ ಎಲ್ಲಿಂದ ಬಂತು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಮುಂದೆ 8.4 ಭಾಗಿಸು 8, ಆನಂತರ 0.45 ಭಾಗಿಸು 5. ಮೊದಲನೆಯದರಲ್ಲಿ ನಾಲ್ಕು ಪಟ್ಟಿ ಎಂಟು ಜನಕ್ಕೆ ಸಾಲದು. ಅವನ್ನು ನಲವತ್ತು ಶತಾಂಶಗಳಾಗಿ ಮಾಡಿದಾಗ ತಲಾ ಐದು, ಉತ್ತರ 1.05. ಎರಡನೆಯದರಲ್ಲಿ ಬಿಡಿಯೂ ಇಲ್ಲ, ದಶಾಂಶವೂ ಸಾಲದು, ನಲವತ್ತೈದು ಶತಾಂಶಗಳು ಐವರಿಗೆ ತಲಾ ಒಂಬತ್ತು: 0.09. ಮಳೆಯ ಭಾಷೆಯಲ್ಲಿ ಹೇಳುವುದಾದರೆ ನಲವತ್ತೈದು ಸೆಂಟ್ಸ್ ಐದು ದಿನಕ್ಕೆ ಹಂಚಿದರೆ ದಿನಕ್ಕೆ ಒಂಬತ್ತು ಸೆಂಟ್ಸ್, ಅದನ್ನು 0.9 ಎಂದು ಬರೆದರೆ ತೊಂಬತ್ತು ಸೆಂಟ್ಸ್ ಆಗಿಬಿಡುತ್ತದೆ.

ನಾಲ್ಕನೆಯ ಹೆಜ್ಜೆ: ಚಿಲ್ಲರೆ ಮಾಡುತ್ತಲೇ ಹೋಗುವುದು

5ನ್ನು 4ರಿಂದ ಭಾಗಿಸಿದರೆ ಒಂದು ಬಿಡಿ ಉಳಿಯುತ್ತದೆ. ಅದು ಹತ್ತು ದಶಾಂಶವಾಗಿ ತಲಾ ಎರಡು, ಉಳಿದ ಎರಡು ಇಪ್ಪತ್ತು ಶತಾಂಶವಾಗಿ ತಲಾ ಐದು, ಉತ್ತರ 1.25. ಭಾಜ್ಯದ ಮುಂದೆ ಸೊನ್ನೆ ಸೇರಿಸು ಎಂಬ ನಿಯಮದ ಹಿಂದಿರುವುದು ಇಷ್ಟೇ. 5 ಎಂಬುದೂ 5.00 ಎಂಬುದೂ ಒಂದೇ ಎಂದು ಮೊದಲ ಹೆಜ್ಜೆಯಲ್ಲಿ ಓದಿದ ಮಕ್ಕಳಿಗೆ ಸೊನ್ನೆ ಎಲ್ಲಿಂದ ಬಂತು ಎಂಬ ಗೊಂದಲವಿರುವುದಿಲ್ಲ.

ಆದರೆ 7.4 ಭಾಗಿಸು 3 ಕೊಟ್ಟು ನೋಡಿ. ತಲಾ ಎರಡು ಬಿಡಿ, ನಾಲ್ಕು ದಶಾಂಶ, ಎರಡು ದಶಾಂಶ ಶೇಷ; ಚಿಲ್ಲರೆ ಮಾಡಿದರೆ ಇಪ್ಪತ್ತು ಶತಾಂಶ, ತಲಾ ಆರು, ಮತ್ತೆ ಎರಡು ಶೇಷ; ಮತ್ತೆ ಇಪ್ಪತ್ತು, ಮತ್ತೆ ಆರು. ಇದು ಮುಗಿಯುವುದಿಲ್ಲ ಎಂದು ಮಕ್ಕಳು ತಾವೇ ಕಂಡುಕೊಳ್ಳುವುದು ಚೆಂದದ ಕ್ಷಣ, ಅದನ್ನು ಮೊದಲೇ ಹೇಳಿ ಹಾಳುಮಾಡಬೇಡಿ. ಹಾಲಿನ ಲೆಕ್ಕವಾದರೆ 2.47 ಲೀಟರ್ ಎಂದು ನಿಲ್ಲಿಸುವುದು ಸಾಕು ಎಂದು ತಿಳಿಸಿ ಮುಂದುವರಿಯಿರಿ.

ಐದನೆಯ ಹೆಜ್ಜೆ: 10 ಮತ್ತು 100ರಿಂದ ಭಾಗಿಸುವುದು

ಅಂಗಳದಲ್ಲಿ ಸೀಮೆಸುಣ್ಣದಿಂದ ನೂರು, ಹತ್ತು, ಬಿಡಿ, ದಶಾಂಶ, ಶತಾಂಶ, ಸಹಸ್ರಾಂಶ ಎಂದು ಆರು ಮನೆಗಳನ್ನು ಬರೆದು, ಬಿಡಿ ಮತ್ತು ದಶಾಂಶದ ನಡುವಿನ ಗೆರೆಯ ಮೇಲೆ ಒಂದು ಕಲ್ಲು ಇಡಿ. 42.5ಕ್ಕಾಗಿ ಮೂರು ಮಕ್ಕಳು ಅಂಕಿಯ ಚೀಟಿ ಹಿಡಿದು ತಮ್ಮ ಮನೆಗಳಲ್ಲಿ ನಿಲ್ಲಲಿ. ಹತ್ತರಿಂದ ಭಾಗಿಸಿದಾಗ ನಾಲ್ಕು ಹತ್ತುಗಳು ನಾಲ್ಕು ಬಿಡಿಗಳಾಗುತ್ತವೆ, ಎರಡು ಬಿಡಿಗಳು ಎರಡು ದಶಾಂಶಗಳಾಗುತ್ತವೆ. ಹೀಗೆ ಎಲ್ಲರೂ ಒಂದೊಂದು ಮನೆ ಬಲಕ್ಕೆ ಹೆಜ್ಜೆ ಇಡುತ್ತಾರೆ, ಕಲ್ಲು ಇದ್ದಲ್ಲಿಯೇ ಇರುತ್ತದೆ. 4.25 ಆಯಿತು. ಬಿಂದು ಎಡಕ್ಕೆ ಹೋಯಿತು ಎಂದು ಹೇಳುವುದು ಬರೆಯುವ ಕೈಗೆ ಸುಲಭವಾದರೂ, ಅದು ಅಂಕಿಗಳ ಬೆಲೆ ಇಳಿದದ್ದನ್ನು ಮುಚ್ಚಿಡುತ್ತದೆ. ಮಳೆ ಬಿಡುವು ಕೊಡದ ಜುಲೈ ತಿಂಗಳಿನಲ್ಲಿ ಇದನ್ನು ಜಗಲಿಯ ಮೇಲೆಯೂ ಆಡಿಸಬಹುದು. ಯಾರೂ ಇಲ್ಲದೆ ಖಾಲಿ ಉಳಿದ ಬಿಡಿಯ ಮನೆಗೆ ಸೊನ್ನೆಯ ಚೀಟಿ ಹಿಡಿದು ಒಬ್ಬರು ಬಂದು ನಿಲ್ಲಬೇಕಾದ ಸಂದರ್ಭ, ಅಂದರೆ 42.5ನ್ನು 100ರಿಂದ ಭಾಗಿಸಿದಾಗ ಬರುವ 0.425, ಒಮ್ಮೆಯಾದರೂ ಆಗಲಿ.

ಆರನೆಯ ಹೆಜ್ಜೆ: ದಶಮಾಂಶದಿಂದಲೇ ಭಾಗಿಸುವುದು

ಇಲ್ಲಿ ಸಮಪಾಲಿನ ಅರ್ಥ ಕೈಕೊಡುತ್ತದೆ. 3.6 ಲೀಟರನ್ನು 0.4 ಜನರಿಗೆ ಹಂಚು ಎಂದರೆ ಯಾವ ಮಗುವಿಗೂ ಏನೂ ಹೊಳೆಯುವುದಿಲ್ಲ, ಹೊಳೆಯಬೇಕಾಗಿಯೂ ಇಲ್ಲ. ಆದ್ದರಿಂದ ಭಾಗಾಕಾರದ ಇನ್ನೊಂದು ಅರ್ಥಕ್ಕೆ ಬರಬೇಕು: ಇದರಲ್ಲಿ ಅದು ಎಷ್ಟು ಸಲ ಹೋಗುತ್ತದೆ? 3.6 ಲೀಟರ್ ಹಾಲಿನಿಂದ 0.4 ಲೀಟರಿನ ಪಾತ್ರೆಯನ್ನು ಎಷ್ಟು ಸಲ ತುಂಬಬಹುದು? ಅರ್ಥ ಬದಲಾಯಿತೆಂಬುದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಿ. ಇದನ್ನು ಹೇಳದೆ ದಾಟುವುದೇ ಈ ಪಾಠದ ಬಹುಪಾಲು ತೊಡಕಿಗೆ ಕಾರಣ.

ಈಗ ಎರಡನ್ನೂ ಒಂದೇ ಮಾನದಲ್ಲಿ ಓದಿಸಿ. 3.6 ಎಂದರೆ ಮೂವತ್ತಾರು ದಶಾಂಶ, 0.4 ಎಂದರೆ ನಾಲ್ಕು ದಶಾಂಶ. ಮೂವತ್ತಾರರಲ್ಲಿ ನಾಲ್ಕು ಎಷ್ಟು ಸಲ? ಒಂಬತ್ತು ಸಲ. ಕಾಗದದಲ್ಲಿ ಮೂವತ್ತಾರು ಪಟ್ಟಿಗಳನ್ನು ನಾಲ್ಕು ನಾಲ್ಕರ ಕಟ್ಟುಗಳಾಗಿ ಮಾಡಿಸಿದರೆ ಒಂಬತ್ತು ಕಟ್ಟು ಎದುರಿಗೇ ಇರುತ್ತವೆ. ಉತ್ತರ ಒಂಬತ್ತು ದಶಾಂಶವಲ್ಲ, ಒಂಬತ್ತು ಸಲ, ಎಂಬುದನ್ನು ಒತ್ತಿ ಹೇಳಬೇಕು: ಎರಡೂ ದಶಾಂಶಗಳಾಗಿದ್ದುದರಿಂದ ಮಾನದ ಹೆಸರು ಲೆಕ್ಕದಿಂದ ಹೊರಗೆ ಉಳಿಯಿತು. ಮೂವತ್ತಾರು ಮೂಟೆಯಲ್ಲಿ ನಾಲ್ಕು ಮೂಟೆ ಎಷ್ಟು ಸಲ ಎಂದು ಕೇಳಿದರೂ ಉತ್ತರ ಒಂಬತ್ತೇ.

ಉತ್ತರ 9 ಭಾಜ್ಯವಾದ 3.6ಕ್ಕಿಂತ ದೊಡ್ಡದಾಗಿದೆ ಎಂದು ಯಾರಾದರೂ ತಕರಾರು ತೆಗೆದರೆ ಸಂತೋಷಪಡಿ, ಪಾಠ ತಲುಪುತ್ತಿದೆ. ಭಾಗಿಸಿದರೆ ಸಂಖ್ಯೆ ಕಿರಿದಾಗುತ್ತದೆ ಎಂಬುದು ಕೆಳಗಿನ ತರಗತಿಗಳಲ್ಲಿ ಬೇರೂರಿದ ನಂಬಿಕೆ. 2ನ್ನು ಕ್ರಮವಾಗಿ 4, 2, 1, 0.5, 0.25 ಇವುಗಳಿಂದ ಭಾಗಿಸಿ ಉತ್ತರಗಳನ್ನು ಸಾಲಾಗಿ ಬರೆಸಿ: 0.5, 1, 2, 4, 8. ಪಾತ್ರೆ ಕಿರಿದಾದಷ್ಟೂ ತುಂಬುವ ಸಲ ಹೆಚ್ಚು. 1ಕ್ಕಿಂತ ಕಿರಿದಾದ ಪಾತ್ರೆಯಾದರೆ ಸಲಗಳ ಎಣಿಕೆ ಇದ್ದ ಲೀಟರ್‌ಗಿಂತ ಹೆಚ್ಚಾಗಲೇಬೇಕು.

ಬಿಂದುವಿನ ಬಲಕ್ಕೆ ಎರಡರಲ್ಲೂ ಸಮನಾದ ಅಂಕಿಗಳಿಲ್ಲದಿದ್ದರೆ ಕಿರಿಯ ಮಾನಕ್ಕೆ ಎರಡನ್ನೂ ಇಳಿಸಿ. 3.5 ಕಿಲೋ ಕಾಫಿಪುಡಿಯನ್ನು 0.25 ಕಿಲೋ ಪೊಟ್ಟಣಗಳಾಗಿ ಕಟ್ಟುವುದೆಂದರೆ ಮುನ್ನೂರ ಐವತ್ತು ಶತಾಂಶಗಳಲ್ಲಿ ಇಪ್ಪತ್ತೈದು ಶತಾಂಶಗಳು: ಹದಿನಾಲ್ಕು ಪೊಟ್ಟಣ. 0.84 ಭಾಗಿಸು 1.2 ಎಂಬಲ್ಲಿ ಎಂಬತ್ತನಾಲ್ಕು ಶತಾಂಶ ಮತ್ತು ನೂರಿಪ್ಪತ್ತು ಶತಾಂಶ. ಭಾಜಕವೇ ದೊಡ್ಡದಾದ್ದರಿಂದ ಒಂದು ಸಲವೂ ಪೂರ್ತಿ ಹೋಗದು, ಚಿಲ್ಲರೆ ಮಾಡಿ ಮುಂದುವರಿಸಿದರೆ 0.7. ಎರಡೂ ಸಂಖ್ಯೆಗಳನ್ನು 10ರಿಂದ ಅಥವಾ 100ರಿಂದ ಗುಣಿಸಿದರೆ ಉತ್ತರ ಬದಲಾಗುವುದಿಲ್ಲ ಎಂಬ ಪುಸ್ತಕದ ನಿಯಮ ಈ ಓದಿನ ಬರಹ ರೂಪವೇ ಆಗಿದೆ. ನಾಲ್ಕೈದು ಲೆಕ್ಕಗಳನ್ನು ಮಾನದ ಹೆಸರು ಹೇಳಿಯೇ ಮಾಡಿಸಿದ ಮೇಲೆ, ಬಿಂದು ಸರಿಸುವ ಸುಲಭ ದಾರಿಯನ್ನು ಕೊಡಬಹುದು. ಪರೀಕ್ಷೆಯಲ್ಲಿ ಅದರಿಂದ ವೇಗ ಬರುತ್ತದೆ. ಏಕೆ ಎರಡೂ ಕಡೆ ಸರಿಸಬೇಕು ಎಂದು ಕೇಳಿದಾಗ ಮಗು ಕಾರಣ ಹೇಳಬಲ್ಲದಾಗಿದ್ದರೆ ಮಾತ್ರ ಕೊಡಿ.

ಶೇಷದ ಅರ್ಥ ಇಲ್ಲಿ ವಿಶೇಷ ಗಮನ ಕೇಳುತ್ತದೆ. 4.5 ಕಿಲೋ ಕರಿಮೆಣಸನ್ನು 0.2 ಕಿಲೋ ಪೊಟ್ಟಣಗಳಾಗಿ ಕಟ್ಟಿದರೆ ನಲವತ್ತೈದು ದಶಾಂಶದಲ್ಲಿ ಎರಡು ದಶಾಂಶ ಇಪ್ಪತ್ತೆರಡು ಸಲ ಹೋಗಿ ಒಂದು ಉಳಿಯುತ್ತದೆ. ಎಷ್ಟು ಮೆಣಸು ಉಳಿಯಿತು ಎಂದು ಕೇಳಿ. ಕೆಲವರು ಒಂದು ಕಿಲೋ ಎನ್ನುತ್ತಾರೆ. ಮುಂದುವರಿಸಿ ಭಾಗಿಸಿ 22.5 ಪಡೆದವರು ಅರ್ಧ ಕಿಲೋ ಎನ್ನುತ್ತಾರೆ. ಎರಡೂ ಸರಿಯಲ್ಲ. ಉಳಿದ 1 ಎಂಬುದು ಒಂದು ದಶಾಂಶ, ಅಂದರೆ 0.1 ಕಿಲೋ, ನೂರು ಗ್ರಾಂ, ಭಾಗಲಬ್ಧದ 0.5 ಎಂಬುದು ಅರ್ಧ ಪೊಟ್ಟಣ. ಇನ್ನೂರು ಗ್ರಾಂ ಪೊಟ್ಟಣದ ಅರ್ಧ ನೂರು ಗ್ರಾಂ, ಆದ್ದರಿಂದ ಎರಡು ಮಾತೂ ಒಂದೇ ಕಡೆಗೆ ಬಂದು ನಿಲ್ಲುತ್ತವೆ. ತಕ್ಕಡಿ ಇದ್ದರೆ ಮೆಣಸನ್ನೇ ತೂಗಿ ತೋರಿಸಿ. ಈ ಒಂದು ಲೆಕ್ಕಕ್ಕೆ ಇಡೀ ಅವಧಿಯನ್ನು ಕೊಟ್ಟರೂ ನಷ್ಟವಿಲ್ಲ, ಶೇಷಕ್ಕೆ ಭಾಜ್ಯದ ಮಾನ, ಭಾಗಲಬ್ಧಕ್ಕೆ ಸಲಗಳ ಎಣಿಕೆ ಎಂಬ ಭೇದ ಇದರಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಈ ಹೆಜ್ಜೆ ಗಟ್ಟಿಯಾಯಿತೇ ಎಂದು ನೋಡಲು ಮಳೆಗೇ ಮರಳಬಹುದು. ಪತ್ರಿಕೆಯಲ್ಲಿ ಮಳೆ ಮಿಲಿಮೀಟರ್‌ಗಳಲ್ಲಿ ಬರುತ್ತದೆ, ತೋಟದ ಮನೆಯಲ್ಲಿ ಇಂಚಿನ ಲೆಕ್ಕ ನಡೆಯುತ್ತದೆ. ಒಂದು ಇಂಚಿಗೆ 25.4 ಮಿಲಿಮೀಟರ್. 63.5 ಮಿಲಿಮೀಟರ್ ಮಳೆಯಾದರೆ ಎಷ್ಟು ಇಂಚು? ಆರುನೂರ ಮೂವತ್ತೈದು ದಶಾಂಶದಲ್ಲಿ ಇನ್ನೂರ ಐವತ್ತನಾಲ್ಕು ದಶಾಂಶ ಎರಡು ಸಲ ಹೋಗಿ ನೂರಿಪ್ಪತ್ತೇಳು ಉಳಿಯುತ್ತದೆ. ಅದು ಸರಿಯಾಗಿ ಅರ್ಧ, ಉತ್ತರ 2.5 ಇಂಚು. ಮಕ್ಕಳು ಮನೆಗೆ ಹೋಗಿ ಅಜ್ಜನ ಮಳೆ ಪುಸ್ತಕದೊಂದಿಗೆ ಪತ್ರಿಕೆಯ ಅಂಕಿಯನ್ನು ಹೋಲಿಸಲು ಕೂತರೆ, ಎರಡು ಕಡೆಯ ಮಳೆ ಬೇರೆಯಾಗಿರುವುದು ಸಹಜ ಎಂದು ಮೊದಲೇ ಹೇಳಿ ಕಳುಹಿಸಿ. ನಮ್ಮಲ್ಲಿ ಒಂದು ಗುಡ್ಡದ ಆಚೆ ಈಚೆ ಮಳೆಯ ಪ್ರಮಾಣ ಬದಲಾಗುತ್ತದೆ.

ಬಿಂದುವಿದ್ದರೂ ದಶಮಾಂಶವಲ್ಲದ ಬರಹಗಳು

ಮಕ್ಕಳು ಸುತ್ತಮುತ್ತ ನೋಡುವ ಎಲ್ಲ ಬಿಂದುಗಳೂ ದಶಮಾಂಶ ಬಿಂದುಗಳಲ್ಲ. ಪಹಣಿಯಲ್ಲಿ 3.20 ಎಂದಿದ್ದರೆ ಅದು ಮೂರು ಎಕರೆ ಇಪ್ಪತ್ತು ಗುಂಟೆ. ಎಕರೆಗೆ ನಲವತ್ತು ಗುಂಟೆಯಾದ್ದರಿಂದ ದಶಮಾಂಶದಲ್ಲಿ ಅದು 3.5 ಎಕರೆ. ಇದನ್ನು ಇಬ್ಬರು ಅಣ್ಣತಮ್ಮಂದಿರಿಗೆ ಪಾಲು ಮಾಡಲು 3.20ನ್ನು ನೇರವಾಗಿ 2ರಿಂದ ಭಾಗಿಸಿ 1.60 ಎಂದು ಬರೆದರೆ, ಒಂದು ಎಕರೆ ಅರವತ್ತು ಗುಂಟೆ ಎಂಬ ಅಸಂಬದ್ಧ ಉತ್ತರ ಬರುತ್ತದೆ. ಸರಿಯಾದ ಕ್ರಮದಲ್ಲಿ ತಲಾ ಒಂದು ಎಕರೆ ಕೊಟ್ಟ ಮೇಲೆ ಉಳಿದ ಒಂದು ಎಕರೆಯನ್ನು ಚಿಲ್ಲರೆ ಮಾಡಿದರೆ ನಲವತ್ತು ಗುಂಟೆ, ಇಪ್ಪತ್ತು ಸೇರಿ ಅರವತ್ತು, ತಲಾ ಮೂವತ್ತು: 1 ಎಕರೆ 30 ಗುಂಟೆ. ಹೆಜ್ಜೆಗಳೆಲ್ಲ ಹಾಲಿನ ಕ್ಯಾನಿನ ಲೆಕ್ಕದವೇ, ಚಿಲ್ಲರೆಯ ದರ ಮಾತ್ರ ಹತ್ತರ ಬದಲು ನಲವತ್ತು. ದಶಮಾಂಶ ಪದ್ಧತಿಯ ಸೌಲಭ್ಯವೇನು ಎಂಬುದು ಮಕ್ಕಳಿಗೆ ಹೊಳೆಯುವುದು ಹೀಗೆ ಹತ್ತಲ್ಲದ ಒಂದು ಪದ್ಧತಿಯನ್ನು ಪಕ್ಕದಲ್ಲಿ ಇಟ್ಟಾಗ.

ಕ್ರಿಕೆಟ್ಟಿನ 4.3 ಓವರ್ ಎಂಬುದೂ ಹೀಗೆಯೇ: ನಾಲ್ಕು ಓವರ್ ಮೂರು ಎಸೆತ, ಅಂದರೆ ನಾಲ್ಕೂವರೆ ಓವರ್. 36 ರನ್ನಿಗೆ ರನ್ ದರ ಬೇಕೆಂದರೆ 4.5ರಿಂದ ಭಾಗಿಸಬೇಕು, ಉತ್ತರ 8, 4.3ರಿಂದ ಭಾಗಿಸಿದರೆ 8.37 ಎಂದು ತಪ್ಪು ದರ ಬರುತ್ತದೆ. ಗಡಿಯಾರದ 10.30 ಕೂಡ ಇದೇ ಜಾತಿಗೆ ಸೇರಿದ್ದು.

ಅಭ್ಯಾಸದ ಕ್ರಮ

ಒಂದೇ ಬಗೆಯ ಇಪ್ಪತ್ತು ಲೆಕ್ಕಗಳಿಗಿಂತ ಬಗೆಬಗೆಯ ಆರು ಲೆಕ್ಕಗಳು ಮೇಲು. ಕೆಳಗಿನವನ್ನು ಇದೇ ಕ್ರಮದಲ್ಲಿ ಕೊಡಬಹುದು, ಉತ್ತರಗಳು ಪಕ್ಕದಲ್ಲಿವೆ.

9.6 ÷ 4 = 2.4
15.6 ÷ 6 = 2.6
4.08 ÷ 4 = 1.02
0.63 ÷ 9 = 0.07
9 ÷ 8 = 1.125
7.5 ÷ 10 = 0.75
1.8 ÷ 0.3 = 6
3 ÷ 0.75 = 4
0.96 ÷ 0.8 = 1.2
1.5 ÷ 0.04 = 37.5

ತಿದ್ದುವಾಗ ಉತ್ತರಕ್ಕಿಂತ ತಪ್ಪಿನ ಬಗೆಯನ್ನು ನೋಡಿ. ಮೂರನೆಯದಕ್ಕೆ 1.2 ಎಂದು ಬರೆದವರು ಸೊನ್ನೆಯ ಹೆಜ್ಜೆಗೆ ಹಿಂದಿರುಗಬೇಕು. ಏಳನೆಯದಕ್ಕೆ 0.6 ಎಂದವರು ಸಲಗಳ ಎಣಿಕೆಗೆ ದಶಾಂಶದ ಹೆಸರು ಅಂಟಿಸಿದ್ದಾರೆ. ಎಂಟನೆಯದಕ್ಕೆ 0.25 ಎಂದು ಬರೆದವರು ಭಾಜ್ಯ ಭಾಜಕಗಳನ್ನು ಅದಲುಬದಲು ಮಾಡಿಕೊಂಡಿದ್ದಾರೆ. ಕಿರಿಯದನ್ನೇ ಹಿರಿಯದರಿಂದ ಭಾಗಿಸುತ್ತಾರೆಂದು ಅವರು ತಿಳಿದಿರುವ ಸಾಧ್ಯತೆ ಇದೆ. ಕೊನೆಯದಕ್ಕೆ 3.75 ಎಂದವರು ಒಂದನ್ನು ದಶಾಂಶದಲ್ಲಿ, ಇನ್ನೊಂದನ್ನು ಶತಾಂಶದಲ್ಲಿ ಓದಿ ಹದಿನೈದನ್ನು ನಾಲ್ಕರಿಂದ ಭಾಗಿಸಿದ್ದಾರೆ. ಈ ನಾಲ್ಕು ಬಗೆಯವರಿಗೂ ಒಂದೇ ತಿದ್ದುಪಡಿಯನ್ನು ಹಲಗೆಯ ಮೇಲೆ ಬರೆದುಕೊಟ್ಟರೆ ಯಾರಿಗೂ ಉಪಯೋಗವಾಗದು.

ಆಮೇಲೆ ಮಾತಿನ ಲೆಕ್ಕಗಳು. ಮೂರು ಹೂಮಳೆಗಳಲ್ಲಿ ಕ್ರಮವಾಗಿ 1.15, 0.40, 0.25 ಇಂಚು ಬಂದಿದ್ದರೆ ಸರಾಸರಿ ಎಷ್ಟು ಎಂಬುದಕ್ಕೆ ಮೊತ್ತ 1.80, ಉತ್ತರ 0.60, ಅಂದರೆ ಅರವತ್ತು ಸೆಂಟ್ಸ್. 7.5 ಲೀಟರ್ ಹಾಲಿಗೆ 262.50 ರೂಪಾಯಿ ಬಂದಿದ್ದರೆ ಲೀಟರಿಗೆ ಎಷ್ಟು ಎಂಬುದಕ್ಕೆ ಎರಡನ್ನೂ ದಶಾಂಶಗಳಲ್ಲಿ ಓದಿ ಎರಡು ಸಾವಿರದ ಆರುನೂರ ಇಪ್ಪತ್ತೈದನ್ನು ಎಪ್ಪತ್ತೈದರಿಂದ ಭಾಗಿಸಿದರೆ 35 ರೂಪಾಯಿ. ಕೊನೆಗೆ ಒಂದು ಜಮೀನಿನ ಲೆಕ್ಕ: 5 ಎಕರೆ 10 ಗುಂಟೆಯನ್ನು ಮೂರು ಪಾಲು ಮಾಡಬೇಕು. ಇದನ್ನು ಎರಡು ದಾರಿಗಳಲ್ಲಿ ಮಾಡಿಸಿ. ಗುಂಟೆಯ ದಾರಿಯಲ್ಲಿ ತಲಾ ಒಂದು ಎಕರೆ ಹೋಗಿ ಉಳಿದ ಎರಡು ಎಕರೆ ಎಂಬತ್ತು ಗುಂಟೆಯಾಗಿ, ಹತ್ತು ಸೇರಿ ತೊಂಬತ್ತು, ತಲಾ ಮೂವತ್ತು. ದಶಮಾಂಶದ ದಾರಿಯಲ್ಲಿ 5.25ನ್ನು 3ರಿಂದ ಭಾಗಿಸಿ 1.75 ಎಕರೆ. ಎರಡೂ ಒಂದೇ ಜಮೀನೆಂದು ಮಗು ತಾನೇ ತೋರಿಸಿಕೊಡಲಿ.